ಒಂದೇ ಹಡಗು, ಎರಡು ಕೆಲಸ: ನಾನು ಪ್ಲಾನ್ ಮಾಡುವ ರೀತಿ

ನೌಕಾಪಡೆಯ ಬೆಂಬಲ ಹಡಗಿನ ಕೆಲಸ ಟೇಬಲ್ಲಿಗೆ ಬಂದರೆ ನಾನು ಮೊದಲು ಬಿಡಿಸುವುದು ನಕ್ಷೆಯನ್ನಲ್ಲ, ಕ್ಯಾಲೆಂಡರನ್ನು. ಈ ಹಡಗು ನಡುಸಮುದ್ರದಲ್ಲಿ ಯುದ್ಧನೌಕೆಗಳಿಗೆ ಇಂಧನ, ದಿನಸಿ, ಮದ್ದುಗುಂಡು ಕೊಡಬೇಕು. ಸೇನೆಯ ಟ್ರಕ್ಕು, ಕಂಟೇನರ್‌ಗಳನ್ನು ದೂರದ ಬಂದರಿಗೆ ಸಾಗಿಸುವುದೂ ಇದರದ್ದೇ ಕೆಲಸ. ಹಾಗಾದರೆ ಟ್ರಕ್ ಇಳಿಸಲು ಧಕ್ಕೆಯಲ್ಲಿ ನಿಂತ ದಿನ ಹೊರಗಿರುವ ನೌಕೆಗಳಿಗೆ ಡೀಸೆಲ್ ಯಾರು ಕೊಡುತ್ತಾರೆ? ದಿನದ ಲೆಕ್ಕದಲ್ಲಿ ಚಾರ್ಟ್ ಹಾಕಿ, ಎರಡೂ ಕೆಲಸ ಒಟ್ಟಿಗೆ ಬೀಳುವ ಕಡೆ ಕೆಂಪು ಗೆರೆ ಎಳೆಯುತ್ತೇನೆ. ಕೆಂಪು ಜಾಸ್ತಿಯಾದರೆ ಇನ್ನೊಂದು ಹಡಗು ಬೇಕು, ಅಷ್ಟೇ. ಇರುವುದನ್ನೇ ದೊಡ್ಡದು ಮಾಡಿದರೆ ಬಗೆಹರಿಯುವುದಿಲ್ಲ.

ಡಚ್ಚರ ಕಾರೆಲ್ ಡೋರ್ಮನ್ ಹಡಗನ್ನೇ ನೋಡಿ. ಉದ್ದ 200 ಮೀಟರಿಗೂ ಜಾಸ್ತಿ, ವಾಹನಗಳನ್ನು ಸಾಲಾಗಿ ನಿಲ್ಲಿಸುವ ಲೇನ್‌ಗಳ ಒಟ್ಟು ಉದ್ದ ಸುಮಾರು 2,000 ಮೀಟರ್. 2014ರ ಕೊನೆಗೆ ಎಬೋಲಾ ಪರಿಹಾರದ ವಾಹನ, ಸಾಮಗ್ರಿ ಹೊತ್ತು ಪಶ್ಚಿಮ ಆಫ್ರಿಕಕ್ಕೆ ಹೋಯಿತು, ನನಗೆ ತುಂಬಾ ಹೆಮ್ಮೆ ಅನಿಸುವ ಕೆಲಸ ಅದು. ಆದರೆ ಅದೇ ವರ್ಷ ಅವರ ಹಳೆಯ ಸರಬರಾಜು ಹಡಗು ಆಮ್‌ಸ್ಟರ್‌ಡ್ಯಾಮ್ ಪೆರು ದೇಶಕ್ಕೆ ಮಾರಾಟವಾಯಿತು, ಎರಡೂ ಕೆಲಸ ಡೋರ್ಮನ್ ಒಂದರ ಮೇಲೇ ಬಿತ್ತು. ಕೊನೆಗೆ ಡೆನ್ ಹೆಲ್ಡರ್ ಅನ್ನುವ ಬೇರೆ ಸರಬರಾಜು ಹಡಗನ್ನೇ ಕಟ್ಟಿಸಿದರು. ಕೆನಡಾ 2004ರಲ್ಲಿ ಇಂಥ ಮೂರು ಹಡಗುಗಳ ಯೋಜನೆ ಪ್ರಕಟಿಸಿತ್ತು. ಬಂದ ಟೆಂಡರ್‌ಗಳು ಬಜೆಟ್ ಮೀರಿದ್ದರಿಂದ 2008ರಲ್ಲಿ ಅದು ನಿಂತಿತು. ಆಮೇಲೆ ಆರಿಸಿಕೊಂಡದ್ದು ಜರ್ಮನಿಯ ಬರ್ಲಿನ್ ಮಾದರಿ, ಅದರಲ್ಲಿ ಸರಬರಾಜೇ ಮುಖ್ಯ.

ಕ್ಯಾಲೆಂಡರ್ ಆದ ಮೇಲೆ ತೂಕ. ಇಂಧನದ ಟ್ಯಾಂಕ್ ತಳದಲ್ಲಿ, ವಾಹನಗಳು ಮೇಲೆ. ಇಂಧನ ಕೊಡುತ್ತಾ ಹೋದಂತೆ ತಳ ಹಗುರವಾಗುತ್ತದೆ, ಗುರುತ್ವಕೇಂದ್ರ ಮೇಲೇರುತ್ತದೆ, ಅರ್ಧ ತುಂಬಿದ ಟ್ಯಾಂಕ್‌ಗಳಲ್ಲಿ ಎಣ್ಣೆ ಆಚೀಚೆ ಓಡಾಡಿ ಹಡಗಿನ ಸ್ಥಿರತೆಯನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಅದಕ್ಕೇ ತಳಕ್ಕೆ ಮತ್ತೆ ಭಾರ ಕೊಡಲು ನೀರು ತುಂಬುವ ಬಲಾಸ್ಟ್ ಟ್ಯಾಂಕ್ ಬೇಕು, ಅದು ಜಾಗ ತಿನ್ನುತ್ತದೆ. ಪೂರ್ತಿ ತುಂಬಿ ಹೊರಟ ಹಡಗಿನ ಲೆಕ್ಕ ಎಲ್ಲರೂ ತೋರಿಸುತ್ತಾರೆ. ನಾನು ಕೇಳುವುದು ಇಂಧನ ಬಹುಪಾಲು ಖಾಲಿಯಾಗಿ, ಟ್ರಕ್‌ಗಳು ಇನ್ನೂ ಮೇಲೇ ಇರುವ ದಿನದ ಲೆಕ್ಕ.

ವಾಹನಗಳು ನಿಲ್ಲುವ ಡೆಕ್‌ಗೆ, ಅಂದರೆ ಆ ಅಂತಸ್ತಿಗೆ, ನನ್ನ ವಿಧಾನ ಸರಳ. ಪ್ರತಿ ವಾಹನವನ್ನೂ ಅಳತೆಗೆ ತಕ್ಕಂತೆ ರಟ್ಟಿನಲ್ಲಿ ಕತ್ತರಿಸುತ್ತೇನೆ, ಸರಪಳಿ ಬಿಗಿಯಲು ಸುತ್ತ ಬೇಕಾದ ಜಾಗವನ್ನೂ ಸೇರಿಸಿಯೇ. ಆಮೇಲೆ ನಕ್ಷೆಯ ಮೇಲೆ ಒಂದೊಂದನ್ನೇ ರಾಂಪ್‌ನಿಂದ ಒಳಗೆ ತಳ್ಳುತ್ತೇನೆ. ಲೇನ್ ಮೀಟರ್‌ನ ಮೊತ್ತ ಸರಿಯಿದ್ದರೂ ಉದ್ದನೆಯ ಟ್ರೈಲರ್ ತಿರುಗದೇ ಸಿಕ್ಕಿಕೊಳ್ಳುವುದು ಇಲ್ಲೇ ಗೊತ್ತಾಗುವುದು.

ಇನ್ನೊಂದು ಇದೆ, ಇದನ್ನು ನಾನು ಬಿಟ್ಟುಕೊಡುವುದೇ ಇಲ್ಲ. ಎರಡು ಹಡಗು ಪಕ್ಕಪಕ್ಕದಲ್ಲಿ ಓಡುತ್ತಾ ಸಾಮಾನು ದಾಟಿಸುವಾಗ ಗೋದಾಮಿನಿಂದ ಆ ಜಾಗದವರೆಗೆ ಫೋರ್ಕ್‌ಲಿಫ್ಟ್ ಹೋಗಬೇಕು ಅಲ್ವಾ? ದಾರಿ ವಾಹನಗಳ ಡೆಕ್ ಮೂಲಕ ಇದ್ದು, ಅಲ್ಲಿ ಟ್ರಕ್‌ಗಳು ನಿಂತಿದ್ದರೆ ಸರಬರಾಜು ಅಲ್ಲಿಗೇ ನಿಂತಿತು. ಸೇನೆಯವರು ಪ್ರತಿ ಸಭೆಯಲ್ಲೂ ಈ ದಾರಿಯ ಜಾಗವನ್ನೂ ವಾಹನಗಳಿಗೆ ಕೇಳುತ್ತಾರೆ. ಒಂದು ಲೇನ್ ಪೂರ್ತಿ ಖಾಲಿ ಬಿಟ್ಟೇ ಉಳಿದ ಜಾಗಕ್ಕೆ ವಾಹನಗಳ ಪಟ್ಟಿ ಮಾಡಿ ಕೊಡುತ್ತೇನೆ.