ಹೊಸಬರನ್ನು ನೇರ ಆಕಾಶದಲ್ಲೇ ಕೂರಿಸಿ

ಯುದ್ಧವಿಮಾನದ ಸಿಮ್ಯುಲೇಟರ್ ಕಲಿಸುವವರು ಜಾಸ್ತಿ ಜನ ಎಂಜಿನ್ ಸ್ಟಾರ್ಟ್ ಮಾಡುವುದರಿಂದಲೇ ಶುರು ಮಾಡುತ್ತಾರೆ. ಕಂಪ್ಯೂಟರ್‌ನಲ್ಲಿ ಆಡುವ ಡಿಸಿಎಸ್ ಅನ್ನೋ ಸಿಮ್ಯುಲೇಟರ್‌ನ ಹಾರ್ನೆಟ್ ಯುದ್ಧವಿಮಾನ ತೆಗೆದುಕೊಳ್ಳಿ. ಬ್ಯಾಟರಿ, ಎಪಿಯು (ದೊಡ್ಡ ಎಂಜಿನ್ ಸ್ಟಾರ್ಟ್ ಮಾಡಲು ನೆರವಾಗುವ ಪುಟ್ಟ ಎಂಜಿನ್), ಎರಡು ಎಂಜಿನ್, ಆಮೇಲೆ ನ್ಯಾವಿಗೇಶನ್ ಹೊಂದಿಸುವುದು. ಹಳಬರಿಗೆ ಅದೇ ಸಂಭ್ರಮ. ಹೊಸಬರಿಗೆ ಹಾರುವ ಮೊದಲೇ ಸುಸ್ತಾಗುತ್ತದೆ.

ಶಿವಮೊಗ್ಗದಲ್ಲಿ ಅಕ್ಕನ ಮಗನಿಗೂ ಅವನ ಗೆಳೆಯರಿಗೂ ನಾನು ಕಲಿಸಿದ್ದು ಉಲ್ಟಾ ದಾರಿಯಲ್ಲಿ. ಡಿಸಿಎಸ್ ಜೊತೆ ಎರಡು ವಿಮಾನ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಟಿಎಫ್-51ಡಿಯಲ್ಲಿ ಗನ್ ಇಲ್ಲ. ಹಾಗಾಗಿ ಇನ್ನೊಂದನ್ನು, ಸು-25ಟಿ ಆರಿಸಿದೆ. ಆಟದ ಸನ್ನಿವೇಶ ನಾವೇ ಕಟ್ಟುವ ಮಿಷನ್ ಎಡಿಟರ್‌ನಲ್ಲಿ ವಿಮಾನವನ್ನು ಗಾಳಿಯಲ್ಲೇ ಇಟ್ಟೆ. ಕೆಳಗೆ ತಿರುಗಿ ಹೊಡೆಯದ ನಾಲ್ಕಾರು ಲಾರಿ. ಮಿಷನ್ ಚಿಕ್ಕದಿರಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬೋ ಹಾಗಿಲ್ಲ ಅಲ್ವಾ!

ಸ್ಟಿಕ್, ಥ್ರಾಟಲ್, ಟ್ರಿಗರ್, ಟ್ರಿಮ್ (ಸ್ಟಿಕ್ ಒತ್ತಿ ಹಿಡಿಯದೆಯೂ ವಿಮಾನ ನೇರ ಹಾರುವಂತೆ ಹೊಂದಿಸುವುದು), ನೋಟ ತಿರುಗಿಸುವ ಹ್ಯಾಟ್ ಸ್ವಿಚ್. ಮೊದಲಿಗೆ ಇಷ್ಟೇ ಸಾಕು. ಅಗ್ಗದ ಜಾಯ್‌ಸ್ಟಿಕ್ ಆದರೆ ಸೆಟ್ಟಿಂಗ್‌ನಲ್ಲಿ ಪಿಚ್ (ಮೂಗು ಮೇಲೆ ಕೆಳಗೆ) ಮತ್ತು ರೋಲ್‌ಗೆ (ಪಕ್ಕಕ್ಕೆ ವಾಲುವುದು) 15ರಿಂದ 20ರಷ್ಟು ಕರ್ವ್ ಕೊಡಿ. ಸ್ಟಿಕ್ಕಿನ ನಡುಭಾಗ ಮೃದುವಾಗುತ್ತದೆ. ಗುರಿ ಇಡುವಾಗ ಮೂಗು ಮೇಲೆ ಕೆಳಗೆ ಕುಣಿಯುವುದಿಲ್ಲ.

ನನ್ನ ಪ್ರಕಾರ ನಿಜವಾದ ಕಷ್ಟ ಸ್ವಿಚ್ಚುಗಳದ್ದಲ್ಲ, ನೋಡುವುದರದ್ದು. ಹೊಸಬರ ಕಣ್ಣು ಸುಮ್ನೆ ಎದುರಿಗೇ ನೆಟ್ಟಿರುತ್ತದೆ. ತಿರುವು ತೆಗೆದುಕೊಂಡ ಕೂಡಲೇ ಗುರಿ ಕಳೆದುಹೋಗುತ್ತದೆ. ಅದಕ್ಕೇ ಓಪನ್‌ಟ್ರ್ಯಾಕ್ ಹಾಕಿಕೊಟ್ಟೆ. ಅದು ಪುಕ್ಕಟೆ ಸಾಫ್ಟ್‌ವೇರ್, ಮಾಮೂಲಿ ವೆಬ್‌ಕ್ಯಾಮ್ ಸಾಕು. ತಲೆ ಸ್ವಲ್ಪ ತಿರುಗಿಸಿದರೆ ಕಾಕ್‌ಪಿಟ್‌ನಲ್ಲಿ ನೋಟ ಪೂರ್ತಿ ತಿರುಗುತ್ತದೆ. ದುಬಾರಿ ಜಾಯ್‌ಸ್ಟಿಕ್ಕಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಪಾಠವನ್ನು ಪ್ರಶ್ನೆ ಬಂದಾಗಲೇ ಹೇಳಬೇಕು. "ಮಾವ, ಸ್ಪೀಡ್ ಇದೆಯಲ್ಲ, ಆದ್ರೂ ಯಾಕೆ ಬೀಳ್ತಿದೆ?" ಅಂತ ಹುಡುಗ ಕೇಳಿದ. ಸ್ಟಾಲ್ ಆಗುವುದು ಬರೀ ವೇಗ ಕಡಿಮೆಯಾಗಿ ಅಲ್ಲ. ಸ್ಟಿಕ್ ಜೋರಾಗಿ ಎಳೆದರೆ ರೆಕ್ಕೆ ಗಾಳಿಗೆ ಒಡ್ಡುವ ಕೋನ ಮಿತಿ ಮೀರುತ್ತದೆ. ಆಗ ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಚೆದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. "ಎಳೆಯೋದು ಬಿಡು" ಅಂದೆ. ಬಿಟ್ಟ, ವಿಮಾನ ಸರಿಹೋಯಿತು. ಮೊದಲೇ ಹೇಳಿದ್ದರೆ ತಲೆಗೆ ಹೋಗುತ್ತಿರಲಿಲ್ಲ.

ಸು-25ಟಿಯಲ್ಲಿ ಗುರಿ ಹುಡುಕುವ ಶ್ಕ್ವಾಲ್ ಟಿವಿ ಕ್ಯಾಮೆರಾ, ವೀಖ್ರ್ ಕ್ಷಿಪಣಿ ಕಲಿಸಲು ಡಿಸಿಎಸ್‌ನ ಆ್ಯಕ್ಟಿವ್ ಪಾಝ್ (active pause) ಬಳಸಿದೆ. ವಿಮಾನ ಗಾಳಿಯಲ್ಲೇ ನಿಲ್ಲುತ್ತದೆ, ಉಪಕರಣಗಳು ಮಾತ್ರ ಕೆಲಸ ಮಾಡುತ್ತಿರುತ್ತವೆ. ಅವಸರವಿಲ್ಲದೆ ಒಂದೊಂದೇ ಗುಂಡಿ ತೋರಿಸಬಹುದು.

ಲ್ಯಾಂಡಿಂಗ್ ನಾನಾಗಿ ಎತ್ತಲೇ ಇಲ್ಲ. 2023ರಲ್ಲಿ ನಮ್ಮೂರ ಸೋಗಾನೆ ವಿಮಾನ ನಿಲ್ದಾಣ ಶುರುವಾದ ಮೇಲೆ ಹುಡುಗರು ಎಟಿಆರ್ ಅನ್ನೋ ಚಿಕ್ಕ ಪ್ರಯಾಣಿಕ ವಿಮಾನ ಇಳಿಯುವುದನ್ನು ನೋಡಿದ್ದಾರೆ. "ನಾವೂ ಇಳಿಸೋಣ" ಅಂತ ಅವರೇ ಕೇಳಿದರು. ಟೇಕಾಫ್, ಎಂಜಿನ್ ಸ್ಟಾರ್ಟ್ ಅದರ ಹಿಂದೆಯೇ ಬಂದವು. ಈಗ ಅಳಿಯನಿಗೆ ಹಾರ್ನೆಟ್ ಬೇಕಂತೆ. ಕೊಳ್ಳುವ ಮೊದಲು 14 ದಿನ ಪುಕ್ಕಟೆ ಹಾರಿಸಿ ನೋಡು ಅಂದಿದ್ದೇನೆ.