ಅಮ್ಮನ ಮಂಡಿ ಆಪರೇಷನ್‌ಗೆ ಆಸ್ಪತ್ರೆ ಆರಿಸಿದ್ದು ಹೀಗೆ

ಅಮ್ಮನ ಬಲಗಾಲಿನ ಮಂಡಿ ಪೂರ್ತಿ ಸವೆದಿತ್ತು. ಕೀಲು ಬದಲಾಯಿಸಲೇಬೇಕು ಎಂದರು ಡಾಕ್ಟರು. ಇದು ತುರ್ತು ಆಪರೇಷನ್ ಅಲ್ಲ, ವಿಚಾರಿಸಲು ಸಮಯವಿತ್ತು. ಮೈಸೂರಿನಲ್ಲಿ ನಮ್ಮ ಮನೆಯಿಂದ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರದ ಆಸ್ಪತ್ರೆಗಳನ್ನಷ್ಟೇ ನೋಡಿದೆ. ಆಮೇಲೆ ಹೊಲಿಗೆ ಬಿಚ್ಚಿಸಲು, ಫಿಸಿಯೋಥೆರಪಿಗೆ ಅಂತ ಓಡಾಡಬೇಕಲ್ವಾ?

ಪ್ಯಾಕೇಜ್ ಎಷ್ಟು ಅಂದರೆ ಎಲ್ಲರೂ ಒಂದು ಮೊತ್ತ ಹೇಳುತ್ತಾರೆ. ಅದರಲ್ಲಿ ಏನೇನು ಸೇರಿಲ್ಲ ಅಂತ ಕೇಳಿದಾಗಲೇ ವ್ಯತ್ಯಾಸ ಗೊತ್ತಾಗಿದ್ದು. ಒಂದು ಕಡೆ ಇಂಪ್ಲಾಂಟ್, ಅಂದರೆ ಮಂಡಿಯೊಳಗೆ ಕೂರಿಸುವ ಕೃತಕ ಕೀಲು, ಬೇರೆ, ಇನ್ನೊಂದು ಕಡೆ ಔಷಧಿ ಬೇರೆ. ಮಂಡಿ ಇಂಪ್ಲಾಂಟ್ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲೇ ಮಿತಿ ಹಾಕಿದೆ. ಹಾಗಾಗಿ ಯಾವ ಕಂಪನಿಯದು, ಯಾವ ಮಾದರಿ, ಬೆಲೆ ಎಷ್ಟು ಎಂದು ಬರೆಸಿಕೊಂಡೆ. ಬರೆದುಕೊಡಲು ಹಿಂಜರಿದ ಕಡೆಯನ್ನು ಅಲ್ಲಿಗೇ ಬಿಟ್ಟೆ.

ನಮ್ಮ ವಿಮೆಯಲ್ಲಿ ರೂಮ್ ಬಾಡಿಗೆಗೆ ಮಿತಿ ಇತ್ತು. ಇದನ್ನು ಎಲ್ಲರೂ ಗಮನಿಸಲೇಬೇಕು. ಇಂಥ ಪಾಲಿಸಿಗಳಲ್ಲಿ ದಿನಕ್ಕೆ 3,000 ರೂಪಾಯಿ ಮಿತಿಯಿದ್ದು ನೀವು 6,000ದ ರೂಮ್ ತೆಗೆದುಕೊಂಡರೆ, ಬಾಡಿಗೆಯಷ್ಟೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಚಾರ್ಜಿನಲ್ಲೂ ಅರ್ಧ ಕಡಿತವಾಗಬಹುದು. ಅದಕ್ಕೇ ನಮ್ಮ ಮಿತಿಯೊಳಗಿನ ರೂಮ್ ಸಿಗುತ್ತಾ, ವಿಮೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ಕ್ಯಾಶ್‌ಲೆಸ್ ಇದೆಯಾ ಎಂದು ವಿಮೆ ಕೌಂಟರಿನಲ್ಲೇ ಕೇಳಿದೆ.

ನನ್ನ ಮಟ್ಟಿಗೆ ತೀರ್ಮಾನವಾಗಿದ್ದು ಮಾತ್ರ ಹಣದಿಂದಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಒಂದು ಕಡೆ, 'ಮುಂದಿನ ವಾರವೇ ಮಾಡಿಬಿಡೋಣ' ಎಂದರು. ಇನ್ನೊಬ್ಬ ಡಾಕ್ಟರು, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಟ್ಟರು. 'ಸಕ್ಕರೆ ಹತೋಟಿಗೆ ಬರಲಿ ತಾಯಿ, ಆಮೇಲೆ ದಿನ ನೋಡೋಣ' ಎಂದರು. ಸಕ್ಕರೆ ಜಾಸ್ತಿ ಇದ್ದರೆ ಸೋಂಕಿನ ಅಪಾಯವೂ ಜಾಸ್ತಿ. ಕೀಲಿನೊಳಗೆ ಸೋಂಕು ಹೊಕ್ಕರೆ ಕೆಲವೊಮ್ಮೆ ಹಾಕಿದ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. ಅದನ್ನು ನಾವು ಕೇಳುವ ಮೊದಲೇ ಅವರೇ ಬಿಡಿಸಿ ಹೇಳಿದರು. ಅಲ್ಲೇ ನನಗೆ ನಂಬಿಕೆ ಬಂತು.

ಆ ಆಸ್ಪತ್ರೆಯ ಕಟ್ಟಡ ಹಳೆಯದು. ಆದರೆ ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಇತ್ತು, ದರಪಟ್ಟಿ ಗೋಡೆಯ ಮೇಲಿತ್ತು. ವಾರ್ಡ್ ಹೊರಗೆ ಕೂತಿದ್ದ ರೋಗಿಗಳ ಕಡೆಯವರನ್ನು ಮಾತಾಡಿಸಿದೆ. ರಾತ್ರಿ ಕರೆದರೆ ಸಿಸ್ಟರ್ ಬರುತ್ತಾರಾ, ಆಪರೇಷನ್ ಆದ ಮಾರನೆಯ ದಿನ ಎಬ್ಬಿಸಿ ನಡೆಸಿದರಾ ಎಂದು ಕೇಳಿದೆ. ಎರಡಕ್ಕೂ ಹೌದು ಎಂದರು. ಅಮ್ಮನ ಸಕ್ಕರೆ ಇಳಿದ ಮೇಲೆ ಅಲ್ಲೇ ದಿನ ಗೊತ್ತುಮಾಡಿದೆವು.