ಮಕ್ಕಳ ಜೊತೆ ಬೀಜ ಹಾಕುವವರಿಗೆ ಒಂದು ಸಲಹೆ

ವಸಂತದ ರಜಾದಿನ ಮಕ್ಕಳ ಜೊತೆ ಬೀಜ ಹಾಕ್ತೀರಾ? ನೇರವಾಗಿ ಮಣ್ಣಿಗೆ ಹಾಕಬೇಡಿ. ಒಳಗೇನಾಗಿದೆ ಅಂತ ಮಕ್ಕಳು ದಿನಾ ಕೆದಕಿ ನೋಡುತ್ತಾರೆ, ಅಲ್ವಾ?

ಶುಕ್ರವಾರ ರಾತ್ರಿ ಬೀನ್ಸ್ ಬೀಜ ನೆನೆಹಾಕಿ. ಶನಿವಾರ ಗಾಜಿನ ಲೋಟದ ಒಳಮೈಗೆ ಒದ್ದೆ ಟಿಶ್ಯೂ ಪೇಪರ್ ಒತ್ತಿ, ಗಾಜಿಗೂ ಪೇಪರಿಗೂ ನಡುವೆ ಬೀಜ ಸಿಗಿಸಿ. ತಳದಲ್ಲಿ ಸ್ವಲ್ಪವೇ ನೀರಿರಲಿ. ಬೀಜ ಮುಳುಗಿದರೆ ಗಾಳಿ ಸಿಗದೆ ಕೊಳೆಯುತ್ತದೆ. ಕೆಲವು ದಿನಗಳಲ್ಲಿ ಸಿಪ್ಪೆ ಬಿರಿದು ಬಿಳಿ ಬೇರು ಇಣುಕುತ್ತದೆ. ಆಗ ನೀರು ಚೆಲ್ಲಿ ಲೋಟವನ್ನು ಅಡ್ಡ ಮಲಗಿಸಿ, ಪೇಪರ್ ಮಾತ್ರ ಒದ್ದೆಯಾಗಿರಲಿ. ಬೇರು ಬಾಗಿ ಮತ್ತೆ ಕೆಳಕ್ಕೇ ಇಳಿಯುತ್ತದೆ! ಇದನ್ನು ದಯವಿಟ್ಟು ಮೊದಲೇ ಹೇಳಬೇಡಿ, ಮಕ್ಕಳೇ ಕಂಡುಹಿಡಿಯಲಿ.

ಎಲೆ ಬಿಟ್ಟ ಮೇಲೆ ಕುಂಡಕ್ಕೆ ಹಾಕಿ. ಬೇರು ಪೇಪರಿಗೆ ಅಂಟಿದ್ದರೆ ಎಳೆಯದೆ ಪೇಪರ್ ಸಮೇತ ನೆಡಿ.